ತಲೆನೋವಿನ ಕ್ಯಾಲೆಂಡರ್

ಬುಧವಾರ ಬೆಳಿಗ್ಗೆ ಅಂಕೋಲೆಯ ಕ್ಲಿನಿಕ್ಕಿಗೆ ಕಾಲಿಟ್ಟೊಡನೆ ನಾನು ಮೊದಲು ನೋಡುತ್ತಿದ್ದದ್ದು ಚಪ್ಪಲಿಗಳನ್ನು. ನನ್ನ ಕೋಣೆಯ ಬಾಗಿಲಲ್ಲಿ ಎಷ್ಟು ಜೊತೆ, ಎದುರು ಕೋಣೆಯ ಬಾಗಿಲಲ್ಲಿ ಎಷ್ಟು ಜೊತೆ. ಇಪ್ಪತ್ತನಾಲ್ಕು ವರ್ಷ ವೈದ್ಯವೃತ್ತಿ ಮಾಡಿದ ಹೆಂಗಸು ಚಪ್ಪಲಿ ಎಣಿಸುತ್ತ ನಿಲ್ಲುವುದು ಮರ್ಯಾದೆಯ ಕೆಲಸವಲ್ಲ. ಆದರೂ ಎಣಿಸುತ್ತಿದ್ದೆ. ಆ ವರ್ಷ ನವರಾತ್ರಿ ಕಳೆಯುವ ಹೊತ್ತಿಗೆ ಎದುರು ಬಾಗಿಲಿನ ಲೆಕ್ಕವೇ ಹೆಚ್ಚಾಗಿತ್ತು.

ಎದುರು ಕೋಣೆ ಕಿರಿಯ ವೈದ್ಯೆಯದು. ಕಾರವಾರದ ನಮ್ಮ ಸಣ್ಣ ಆಸ್ಪತ್ರೆಗೆ ಅವಳು ಒಂದು ವರ್ಷದ ಮಟ್ಟಿಗೆ ಬಂದಿದ್ದಳು, ಆಮೇಲೆ ಹೆಚ್ಚಿನ ಓದಿಗೆ ಹೋಗುವವಳು. ವಾರಕ್ಕೊಮ್ಮೆ ನಾವಿಬ್ಬರೂ ಆಸ್ಪತ್ರೆಯ ಕಾರಿನಲ್ಲಿ ಅಂಕೋಲೆಗೆ ಬಂದು ಕೂರುತ್ತಿದ್ದೆವು. ಅವಳು ಹುಟ್ಟಿ ಬೆಳೆದದ್ದು ಅಗಸೂರಿನಲ್ಲಿ. ರೋಗಿಗಳ ಜೊತೆ ಊರಿನ ಮಾತನ್ನೇ ಆಡುತ್ತಿದ್ದಳು. ಮೇಜಿನ ಹಿಂದೆ ಕೂರದೆ ಸ್ಟೂಲು ಎಳೆದುಕೊಂಡು ಅವರ ಪಕ್ಕಕ್ಕೇ ಕೂರುತ್ತಿದ್ದಳು. ನಾನು ಕಾರವಾರ ಪೇಟೆಯ ಕೊಂಕಣಿ ಮನೆಯವಳು. ನನ್ನದು ಶಾಲೆಯಲ್ಲಿ ಕಲಿತ ಕನ್ನಡ, ತಪ್ಪಿಲ್ಲದ ಕನ್ನಡ. ಆ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಜನ "ಹೌದು ಬಾಯೋರೆ", "ಇಲ್ಲ ಬಾಯೋರೆ" ಎಂದಷ್ಟೇ ಉತ್ತರ ಕೊಡುತ್ತಿದ್ದರು. ಬಾಯೋರು ಎಂದರೆ ನಮ್ಮ ಕಡೆ ಅಮ್ಮನವರು. ಅವಳ ಕೋಣೆಯಿಂದ ಮಾತ್ರ ನಗು ಕೇಳಿಸುತ್ತಿತ್ತು.

ಅವಳು ಒಳ್ಳೆಯವಳು ಎಂಬುದು ಇನ್ನೂ ಉರಿಸುತ್ತಿತ್ತು. ಕೆಟ್ಟವಳಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಬೇರೇನಾದರೂ ಹೆಸರು ಕೊಡಬಹುದಿತ್ತು.

ಜ್ವರ, ಕೆಮ್ಮಿನವರು ಅವಳ ಕಡೆ ಹೋದರೆ ಹೋಗಲಿ ಎಂದು ಬಿಟ್ಟಿದ್ದೆ. ತಲೆನೋವು ಮಾತ್ರ ನನ್ನದು. ಹದಿನೈದನೆಯ ವಯಸ್ಸಿನಿಂದ ಮುಟ್ಟು ನಿಲ್ಲುವವರೆಗೂ ಪ್ರತಿ ತಿಂಗಳು ಒಂದು ಹಗಲು, ಕೆಲವೊಮ್ಮೆ ಎರಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಪಕ್ಕದಲ್ಲಿ ಬಕೆಟ್ಟು ಇಟ್ಟುಕೊಂಡು ಬಿದ್ದಿದ್ದವಳು ನಾನು. ಓದುವಾಗಲೂ ಆಮೇಲೂ ಆ ವಿಷಯದ ಪುಸ್ತಕ ಕಂಡರೆ ಬಿಡುತ್ತಿರಲಿಲ್ಲ. ಅಂಕೋಲೆಯಲ್ಲಿ ಬುಧವಾರದ ತಲೆನೋವಿನ ಕ್ಲಿನಿಕ್ ಶುರುಮಾಡಿದ್ದು ನಾನೇ. ಈ ಕಾಯಿಲೆಯ ಮೇಲೆ ನನಗೆ ಒಂದು ಬಗೆಯ ಒಡೆತನ ಬಂದುಬಿಟ್ಟಿತ್ತು.

ನನ್ನ ಇನ್ನೊಂದು ಹೆಮ್ಮೆ ಒಂದು ಕ್ಯಾಲೆಂಡರ್. ಮುಟ್ಟಿಗೂ ತಲೆನೋವಿಗೂ ಸಂಬಂಧ ಉಂಟೋ ಇಲ್ಲವೋ ಎಂದು ಹೇಳಬೇಕಾದರೆ ಕನಿಷ್ಠ ಮೂರು ತಿಂಗಳ ದಿನಗಳು ಬರಹದಲ್ಲಿ ಬೇಕು. ಬಾಯಿಮಾತಿನ ನೆನಪು ಸಾಲದು. ಅದಕ್ಕೆ ದೊಡ್ಡ ಚೌಕಗಳ ಹಾಳೆ ಅಚ್ಚು ಹಾಕಿಸಿದ್ದೆ. ಮುಟ್ಟಾದ ಮೊದಲ ದಿನಕ್ಕೆ ಕೆಂಪು ಚುಕ್ಕೆ, ತಲೆನೋವಿನ ದಿನಕ್ಕೆ ನೀಲಿ ಗೀಟು. ಓದು ಬಾರದವರೂ ತುಂಬಬಹುದು. "ಅಡುಗೆಮನೆ ಗೋಡೆಗೆ ತೂಗುಹಾಕಿ, ಒಲೆಯ ಎದುರಿಗೆ. ಆಗ ಮರೆಯುವುದಿಲ್ಲ" ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದೆ.

ಆ ಮಳೆಗಾಲದಲ್ಲಿ ಒಬ್ಬಳು ಬಸ್ ಕಂಡಕ್ಟರ್ ಬಂದಳು. ಮೂವತ್ತೊಂದು ವರ್ಷ, ಶೆಟಗೇರಿಯ ರೈತರ ಮನೆಯ ಸೊಸೆ. ಪ್ರತಿ ತಿಂಗಳು ಮೂರು ದಿನ ತಲೆಯ ಒಂದು ಬದಿ ಸಿಡಿಯುತ್ತದೆ, ಬೆಳಕು ಆಗುವುದಿಲ್ಲ, ವಾಂತಿ. ಆ ಮೂರು ದಿನ ಡ್ಯೂಟಿಗೆ ಹೋಗಲಾಗುವುದಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಮುಂಚೆ ಹಾಜರಿ ನೋಡುತ್ತಾರೆ. ತಿಂಗಳು ತಿಂಗಳು ಹೀಗೆ ಬಿದ್ದುಕೊಳ್ಳುವವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಮಾತು ಆಗಲೇ ಡಿಪೋದಲ್ಲಿ ಎದ್ದಿತ್ತು. ಗಂಡ ದೂರದ ಬಂದರಿನಲ್ಲಿ ದಿನಗೂಲಿ. ಮನೆಗೆ ಖಾತ್ರಿಯ ಸಂಬಳ ಅಂತಿದ್ದರೆ ಇವಳದ್ದೇ.

"ಆ ಮೂರು ದಿನ ಹೊರಗೇ ಕೂತಿರ್ತೆ ಬಾಯೋರೆ, ಹಾಂಗಾಗಿ ಮಲಗ್ಲಿಕ್ಕಾದ್ರೂ ಆಗ್ತದೆ" ಎಂದಳು ಮೊದಲ ದಿನ.

"ಈ ಕಾಲದಲ್ಲೂ ಹೊರಗೆ ಕೂರುವುದೇ? ಇಡೀ ಬಸ್ಸನ್ನು ನಿಭಾಯಿಸುವವಳು ನೀನು! ಇಂಥ ಮೂಢನಂಬಿಕೆಗಳನ್ನು ನಿಮ್ಮಂಥ ಹುಡುಗಿಯರೇ ಬಿಡಬೇಕು" ಎಂದೆ. ಇನ್ನೂ ಏನೇನೋ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಒಳ್ಳೆಯ ಮಾತು ಹೇಳಿದೆ ಎಂದುಕೊಂಡು ನಾನು ಕ್ಯಾಲೆಂಡರ್ ಕೊಟ್ಟು ಕಳಿಸಿದೆ. ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ ಎಂದೂ ಕೇಳಿದ್ದೆ. "ಎಲ್ಲರಂಗೇ ಬಾಯೋರೆ" ಎಂದಿದ್ದಳು. ಹಿಮೋಗ್ಲೋಬಿನ್ ಅಂಚಿನಲ್ಲಿತ್ತು. ನಮ್ಮ ಕಡೆಯ ಹೆಂಗಸರಲ್ಲಿ ಯಾರದ್ದು ಅಂಚಿನಲ್ಲಿಲ್ಲ ಎಂದುಕೊಂಡು ಮುಂದೆ ಹೋದೆ.

ಮೂರು ತಿಂಗಳ ನಂತರ ಹಾಳೆಗಳನ್ನು ತಂದಳು. ನೋಡಿ ನನಗೆ ಖುಷಿಯೋ ಖುಷಿ. ಮೂರು ತಿಂಗಳೂ ಕೆಂಪು ಚುಕ್ಕೆ ಬಿದ್ದ ಚೌಕದಲ್ಲೇ ನೀಲಿ ಗೀಟು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮುಟ್ಟಿನ ಮೈಗ್ರೇನ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಜಿಲ್ಲೆಯ ವೈದ್ಯರ ಸಭೆಯಲ್ಲಿ ತೋರಿಸಬಹುದೆಂದು ಆ ಹಾಳೆಗಳ ಫೋಟೋ ತೆಗೆದಿಟ್ಟುಕೊಂಡೆ.

ಅವಳಿಗೆ ಕಾರಣವನ್ನು ವಿವರಿಸಿದೆ. ಇದನ್ನು ವಿವರಿಸುವುದೆಂದರೆ ನನಗೆ ಇಷ್ಟ. ಮುಟ್ಟಿಗೆ ಎರಡು ಮೂರು ದಿನ ಮುಂಚೆ ಈಸ್ಟ್ರೋಜನ್ ಎಂಬ ಹಾರ್ಮೋನು ಸರ್ರನೆ ಇಳಿಯುತ್ತದೆ. ಕಡಿಮೆ ಇರುವುದರಿಂದ ನೋವಲ್ಲ, ಕಡಿಮೆಯಾಗುವುದರಿಂದ ನೋವು. ಕಡಲಿನ ಇಳಿತದ ಹೊತ್ತಿಗೆ ದೋಣಿ ನೆಲ ತಾಗುವ ಹಾಗೆ. ಆ ಇಳಿತಕ್ಕೆ ಮೆದುಳಿನ ನೋವಿನ ನರಗಳು ಕೆರಳುತ್ತವೆ, ಅವುಗಳಿಂದ ಹೊರಬರುವ ಪದಾರ್ಥಗಳಿಂದ ತಲೆಯ ರಕ್ತನಾಳಗಳು ಹಿಗ್ಗುತ್ತವೆ. ಇನ್ನೊಂದು ಕಡೆ, ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಎಂಬುದು ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಕಿವುಚುವುದೂ ಅದೇ, ತಲೆನೋವಿಗೆ ಕುಮ್ಮಕ್ಕು ಕೊಡುವುದೂ ಅದೇ. ತೊಂದರೆ ಬರುವ ದಿನ ಮೊದಲೇ ಗೊತ್ತಿದ್ದರೆ ಅದಕ್ಕೂ ಎರಡು ದಿನ ಮುಂಚೆ ಮಾತ್ರೆ ಶುರುಮಾಡಿ ತಡೆಯಬಹುದು.

ನಾಲ್ಕನೆಯ ತಿಂಗಳು ನೋವಿನ ಮಾತ್ರೆಯನ್ನು ಲೆಕ್ಕಹಾಕಿ ಕೊಟ್ಟೆ. ಸ್ವಲ್ಪ ತಗ್ಗಿತು, ಆದರೆ ಹೊಟ್ಟೆ ಉರಿದು ಅವಳು ಅರ್ಧಕ್ಕೇ ಬಿಟ್ಟಳು. ಮೂರು ದಿನದ ರಜೆ ಎರಡಕ್ಕೂ ಇಳಿಯಲಿಲ್ಲ. ಐದನೆಯ ತಿಂಗಳು ಇಳಿತವನ್ನೇ ತಡೆಯೋಣವೆಂದು ಈಸ್ಟ್ರೋಜನ್ ಜೆಲ್ ಕೊಟ್ಟೆ. ಮುಟ್ಟಿಗೆ ಮುಂಚೆಯೇ ಶುರುಮಾಡಿ ಏಳು ದಿನ ಚರ್ಮಕ್ಕೆ ಹಚ್ಚಬೇಕು. ಆ ತಿಂಗಳು ಅವಳಿಗೆ ತಲೆನೋವು ಒಂದಲ್ಲ, ಎರಡು ಸಲ ಬಂತು. ಎಂದಿನಂತೆ ಒಂದು, ಜೆಲ್ ನಿಲ್ಲಿಸಿದ ಮೇಲೆ ಇನ್ನೊಂದು. ಐದು ದಿನ ರಜೆ ಹಾಕಿದಳು. "ಇದರಿಂದ ಹಾರ್ಮೋನಿನ ಇಳಿತವೇ ಕಾರಣ ಎಂಬುದು ಇನ್ನಷ್ಟು ಖಚಿತವಾಯಿತು" ಎಂದು ನಾನು ಕಡತದಲ್ಲಿ ಬರೆದೆ. ಈಗ ಆ ವಾಕ್ಯ ಓದಿದರೆ ಮುಖ ಬಿಸಿಯಾಗುತ್ತದೆ.

ಅದೇ ಬುಧವಾರ ಮಧ್ಯಾಹ್ನ ಊಟಕ್ಕೆ ಎದುರು ಕೋಣೆಗೆ ಹೋದೆ. ಕಿರಿಯ ವೈದ್ಯೆಯ ಮೇಜಿನ ಮೇಲೆ ಒಂದು ದೊಡ್ಡ ಕಟ್ಟು ಕೆಂಪು ಹರಿವೆ ಸೊಪ್ಪು ಇತ್ತು, ಬೇರಿನ ಮಣ್ಣು ಸಹಿತ.

"ಯಾರು ಕೊಟ್ಟದ್ದು?" ಎಂದೆ.

"ಶೆಟಗೇರಿ ಕಂಡಕ್ಟರ್ ಅಕ್ಕ ಮೇಡಂ. ಮನೆ ಹಿಂದೆ ಬೆಳೆದದ್ದಂತೆ. ನಿಮ್ಮ ಕೋಣೆಯಿಂದ ಹೊರಗೆ ಬಂದವರು ಇಲ್ಲಿ ಸ್ವಲ್ಪ ಹೊತ್ತು ಕೂತಿದ್ರು."

ಐದು ತಿಂಗಳು ಅವಳ ತಲೆನೋವನ್ನು ನೋಡಿದವಳು ನಾನು, ಸೊಪ್ಪು ಬಂದದ್ದು ಇವಳಿಗೆ. ಒಂದು ಹರಿವೆ ಕಟ್ಟಿಗೆ ಇಷ್ಟೇ ಎಂದು ಯಾರಾದರೂ ನಗಬಹುದು. ನನಗೆ ಅನ್ನ ಇಳಿಯಲಿಲ್ಲ.

ಅವಳು ತುತ್ತು ಕಲಸುತ್ತಲೇ ಹೇಳಿದಳು. "ಮೇಡಂ, ಆ ಅಕ್ಕನ ಕ್ಯಾಲೆಂಡರ್ ನೋಡಿದೆ. ಐದು ತಿಂಗಳೂ ಮುಟ್ಟಿನ ದಿನವೇ ತಲೆನೋವು ಶುರು. ಒಂದು ದಿನ ಹಿಂದೆ ಮುಂದೆ ಇಲ್ಲ. ಮುಟ್ಟು ಮಾತ್ರ ಒಮ್ಮೆ ಇಪ್ಪತ್ತಾರು ದಿನಕ್ಕೆ, ಒಮ್ಮೆ ಮೂವತ್ತೊಂದಕ್ಕೆ. ತಲೆನೋವು ಇಷ್ಟು ಹೇಳಿದ ಮಾತು ಕೇಳೂದಿಲ್ಲ ಅಲ್ವ?"

"ಕೆಲವರಲ್ಲಿ ಕೇಳುತ್ತದೆ" ಎಂದೆ.

"ಕಣ್ಣಿನ ಒಳರೆಪ್ಪೆ ಬಿಳಚಿದೆ. ಫೆರಿಟಿನ್ ಒಂದು ನೋಡಿದ್ರೆ ಹೇಗೆ? ಚೀಟಿ ಬರೆದು ಕಡತದಲ್ಲಿ ಇಟ್ಟಿದ್ದೇನೆ, ನೀವು ಒಪ್ಪಿದ್ರೆ ಮುಂದಿನ ವಾರ ರಕ್ತ ತೆಗಿಬಹುದು."

ಫೆರಿಟಿನ್ ಎಂದರೆ ದೇಹದ ಕಬ್ಬಿಣದ ಉಗ್ರಾಣದಲ್ಲಿ ಎಷ್ಟು ಉಳಿದಿದೆ ಎಂದು ಹೇಳುವ ಪರೀಕ್ಷೆ. ಹಿಮೋಗ್ಲೋಬಿನ್ ಇಳಿಯುವ ಮುಂಚೆಯೇ ಉಗ್ರಾಣ ಬರಿದಾಗಿರುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಮುಟ್ಟಿನಲ್ಲಿ ರಕ್ತ ಬಹಳ ಹೋಗುವವರಿಗೆ ಮುಟ್ಟಿನ ಕೊನೆಗೆ, ನಾಲ್ಕು ಐದನೆಯ ದಿನಕ್ಕೆ ಬರುವ ಇನ್ನೊಂದು ಬಗೆಯ ತಲೆನೋವಿದೆ, ಅದಕ್ಕೂ ಹಾರ್ಮೋನಿನ ಇಳಿತಕ್ಕೂ ಹೆಚ್ಚು ಸಂಬಂಧವಿಲ್ಲ, ಕಬ್ಬಿಣ ಬರಿದಾಗುವುದಕ್ಕೆ ಸಂಬಂಧ ಎಂಬುದೂ ಗೊತ್ತಿತ್ತು. ಆದರೆ ಇವಳಿಗೆ ಬರುವುದು ಮೊದಲ ದಿನ, ಗೋಡೆಯ ಕ್ಯಾಲೆಂಡರ್ ಸಾಕ್ಷಿ. ನನ್ನ ಕೋಣೆಗೆ ಬಂದು ಆ ಚೀಟಿಯ ಮೇಲೆ ಅಡ್ಡಗೀಟು ಎಳೆದು "ಅನಗತ್ಯ" ಎಂದು ಬರೆದು ಸಹಿ ಹಾಕಿದೆ. ಕಾರಣ ಕೇಳಿದ್ದರೆ ವೈದ್ಯಕೀಯ ಕಾರಣವನ್ನೇ ಕೊಡುತ್ತಿದ್ದೆ. ನಿಜವಾದ ಕಾರಣ ಹರಿವೆ ಸೊಪ್ಪು.

ಕಿರಿಯವಳು ಗೀಟು ನೋಡಿ, ಕಡತ ಮುಚ್ಚಿ ಮುಂದಿನ ರೋಗಿಯನ್ನು ಕರೆದಳು. ಏನಾದರೂ ಹೇಳಿದ್ದರೆ ಜಗಳ ತೆಗೆಯಲು ನಾನು ಸಿದ್ಧಳಾಗಿದ್ದೆ.

ಆರನೆಯ ತಿಂಗಳು ಕಂಡಕ್ಟರ್ ರಜೆ ಹಾಕಲಿಲ್ಲ. ಇನ್ನೂ ರಜೆ ಹಾಕಿದರೆ ಕಾಯಂ ಆಗುವುದು ಸುಳ್ಳು ಎಂದು ಯಾರೋ ಹೆದರಿಸಿದ್ದರು. ತಲೆ ಹಿಡಿದಿದ್ದರೂ ಬಸ್ ಹತ್ತಿದಳು. ಕಾರವಾರದಿಂದ ಅಂಕೋಲೆಗೆ ವಾಪಸ್ ಬರುವಾಗ ಅವರ್ಸಾದ ಹತ್ತಿರ ಟಿಕೆಟ್ ಮಷೀನಿನ ಬೆಳಕನ್ನೂ ನೋಡಲಾಗದೆ, ಮುಂದಿನ ಕಂಬಿಗೆ ಹಣೆ ಒತ್ತಿ ನಿಂತುಬಿಟ್ಟಳು. ಅದೇ ಹೊತ್ತಿಗೆ ತಪಾಸಣೆಯವರು ಹತ್ತಿದರು. ನಾಲ್ವರು ಗಂಡಸರಿಗೆ ಟಿಕೆಟ್ ಕೊಟ್ಟಿರಲಿಲ್ಲ. ಅವಳು ಉತ್ತರ ಕೊಡಲು ಬಾಯಿ ತೆರೆದವಳು ಅಲ್ಲೇ ಬಾಗಿಲಲ್ಲಿ ವಾಂತಿ ಮಾಡಿಕೊಂಡಳು.

ಮೆಮೊ ಬಂತು. ಅದನ್ನು ಹಿಡಿದುಕೊಂಡು ಬುಧವಾರ ನನ್ನ ಮುಂದೆ ಬಂದು ಕೂತಳು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಕಾಯಿಲೆ ಏನು, ವಾಸಿಯಾಗುವಂಥದ್ದೇ, ಈ ಕೆಲಸಕ್ಕೆ ಯೋಗ್ಯಳೇ ಎಂದು ವೈದ್ಯರಿಂದ ಪತ್ರ ತರಬೇಕು.

"ಬಾಯೋರೆ, ಗುಣ ಆಗ್ತದೆ ಅಂತ ಬರೆದುಕೊಡಿ. ಕೆಲಸ ಹೋದ್ರೆ ನಾ ಎಂತ ಮಾಡ್ಲಿ?" ಎಂದಳು.

ಯಾವ ಮುಖದಿಂದ ಬರೆಯಲಿ? ಕೊಟ್ಟ ಎರಡು ಮದ್ದೂ ಕೆಲಸ ಮಾಡಿರಲಿಲ್ಲ. ಮೊದಲಿನಿಂದ ಮತ್ತೆ ಪ್ರಶ್ನೆ ಕೇಳತೊಡಗಿದೆ. ಮಾತ್ರೆ ಸರಿಯಾದ ದಿನ ತೆಗೆದುಕೊಂಡೆಯಾ? ಹೌದು ಬಾಯೋರೆ. ಉಪವಾಸ ಮಾಡಿದ್ದೆಯಾ? ಇಲ್ಲ ಬಾಯೋರೆ. ನಿದ್ದೆಗೆಟ್ಟಿದ್ದೆಯಾ? ಇಲ್ಲ ಬಾಯೋರೆ. ನನ್ನ ಧ್ವನಿ ಗಡುಸಾಗುತ್ತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ತಪ್ಪು ಅವಳಲ್ಲೇ ಎಲ್ಲೋ ಇರಬೇಕೆಂದು ಹುಡುಕುತ್ತಿದ್ದೆ.

ಅರ್ಧ ತೆರೆದಿದ್ದ ಬಾಗಿಲಲ್ಲಿ ಕಿರಿಯ ವೈದ್ಯೆ ಕಂಡಳು. ಒಂದು ಕ್ಷಣ ಅವಳನ್ನು ಕರೆಯಬಾರದೆಂದು ಕೂತಿದ್ದೆ. ಕಂಡಕ್ಟರ್ ಆ ಕಡೆ ತಿರುಗಿ ನೋಡಿದಳು. ನನ್ನ ಕೋಣೆಯಲ್ಲಿ ಆರು ತಿಂಗಳಲ್ಲಿ ಅವಳ ಮುಖ ಹಾಗೆ ಸಡಿಲವಾದದ್ದನ್ನು ನಾನು ನೋಡಿರಲಿಲ್ಲ.

"ಬಾ" ಎಂದೆ. ಅದೊಂದು ಅಕ್ಷರಕ್ಕೆ ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

ಅವಳು ಸ್ಟೂಲು ಎಳೆದುಕೊಂಡು ಎಂದಿನಂತೆ ಪಕ್ಕದಲ್ಲಿ ಕೂತಳು. ಮೆಮೊ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಕ್ಕ, ಒಂದ್ ಮಾತು ಕೇಳ್ತೆ, ಬೇಜಾರ್ ಮಾಡ್ಕಬೇಡ. ನಿಂಗೆ ಆದದ್ದು ಯಾವಾಗ, ಮನೇಲಿ ಹೇಳಿದ್ದು ಯಾವಾಗ?"

ಎರಡೂ ಒಂದೇ ದಿನ ತಾನೆ ಎಂದು ನಾನು ಬಾಯಿ ಹಾಕುವುದರಲ್ಲಿದ್ದೆ. ಕಂಡಕ್ಟರ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನನ್ನ ಕಡೆ ಕಣ್ಣಲ್ಲೇ ತೋರಿಸಿ, "ಬಾಯೋರ ಎದುರಿಗೆ ಹೇಳೂದಾ?" ಎಂದಳು.

"ಬಾಯೋರೂ ಹೆಂಗಸೇ ಅಲ್ದೆ?"

ಕಂಡಕ್ಟರ್ ಸೆರಗಿನ ಅಂಚನ್ನು ಬಿಟ್ಟಳು. ಆಮೇಲೆ ಅವಳು ಒಂದೇ ಉಸಿರಿಗೆ ಹೇಳಿದಳು. "ಆಗಿ ಮೂರ್ನಾಲ್ಕು ದಿನ ಆದ್ಮೇಲೆ ಹೇಳ್ತೆ. ಅತ್ತೆಗೆ ಮೊಣಕಾಲು ಆಗೂದಿಲ್ಲ. ನಾ ಹೊರಗೆ ಕೂತ್ರೆ ಬಾವಿ ನೀರು, ಅಡುಗೆ, ದೇವರ ದೀಪ ಎಲ್ಲ ಅವ್ರೇ ಮಾಡ್ಬೇಕು. ಅದ್ಕೆ ಹೇಳ್ದೆ ತಡೆದು ತಡೆದು ಇರ್ತೆ. ಆಮೇಲೆ ತಲೆ ಹಿಡೀತದೆ. ತಲೆನೋವು ಅಂದ್ರೆ ಯಾರು ಮಲಗ್ಲಿಕ್ಕೆ ಬಿಡ್ತ್ರು? ಶುಂಠಿ ಕಷಾಯ ಕುಡಿ, ಏಳು ಅಂತ್ರು. ಹೊರಗಾದೆ ಅಂದ್ರೆ ಮೂರು ದಿನ ಯಾರೂ ಕರಿಯೂದಿಲ್ಲ. ಮೂಲೇಲಿ ಚಾಪೆ ಹಾಸ್ಕಂಡು ಮಲಗ್ತೆ. ಆ ಮೂರು ದಿನ ತಲೆನೋವಿಗೆ ಅಂತ ಉಳಿಸಿಡ್ತೆ ನಾನು."

ತಲೆನೋವಿಗೆ ರಜೆ ಇಲ್ಲದ ಮನೆ, ಮುಟ್ಟಿಗೆ ರಜೆ ಕೊಡುತ್ತಿತ್ತು. ನಾನು ಮೂಢನಂಬಿಕೆ ಎಂದು ಝಾಡಿಸಿದ್ದು ಅವಳಿಗೆ ತಿಂಗಳಲ್ಲಿ ಸಿಗುವ ಒಂದೇ ಒಂದು ಹಾಸಿಗೆಯನ್ನು. ತಲೆನೋವು ಬಂದ ದಿನವೇ ಅವಳು ಹೊರಗಾಗುತ್ತಿದ್ದಳು. ಎರಡೂ ಒಂದೇ ಚೌಕಕ್ಕೆ ಬೀಳದೆ ಇನ್ನೇನು?

"ಮನೆಯಲ್ಲಿ ಏನಾದರೂ ಹೇಳಿಕೋ. ನನ್ನ ಕ್ಯಾಲೆಂಡರಿನಲ್ಲಿ ನಿಜವಾದ ದಿನ ಬರೆಯಬಹುದಿತ್ತಲ್ಲ?" ಎಂದೆ. ಸಿಟ್ಟು ಇನ್ನೂ ಇತ್ತು.

"ಗೋಡೆಗೆ ಹಾಕ್ಲಿಕ್ಕೆ ನೀವೇ ಹೇಳಿದ್ರಲ್ಲ ಬಾಯೋರೆ, ಒಲೆ ಎದುರಿಗೆ. ಅತ್ತೆಗೆ ಓದ್ಲಿಕ್ಕೆ ಬರೂದಿಲ್ಲ. ಕೆಂಪು ಚುಕ್ಕೆ ಕಾಣ್ತದೆ." ಆಮೇಲೆ ದನಿ ತಗ್ಗಿಸಿದಳು. "ಆ ಮೂರ್ನಾಲ್ಕು ದಿನ ನಾನೇ ದೀಪ ಹಚ್ಚಿದ್ದು. ಅತ್ತೆಗೆ ಗೊತ್ತಾದ್ರೆ ಮುಗೀತು."

ಓದು ಬಾರದವರಿಗೂ ಅರ್ಥವಾಗುವಂಥ ಹಾಳೆ ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದ್ದೆ. ಅರ್ಥವಾಗಿತ್ತು, ಅತ್ತೆಗೆ.

ನಿಜವಾದ ದಿನಗಳು ಬೇಕಿದ್ದವು. ನೆನಪಿನಿಂದ ಹೇಳು ಎಂದರೆ ಅವಳಿಗೆ ಆಗಲಿಲ್ಲ. ಇಲ್ಲಿ ನನಗೊಂದು ಹೊಳೆಯಿತು. ಕಂಡಕ್ಟರುಗಳು ತಮ್ಮ ಡ್ಯೂಟಿಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳುತ್ತಾರೆ. ಕೇಳಿದೆ. ಟಿಕೆಟ್ ಚೀಲದಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದಳು. ಪ್ರತಿ ದಿನ ಯಾವ ದಾರಿ, ಯಾವ ಟ್ರಿಪ್ ಎಂದು ಅದರಲ್ಲಿತ್ತು. ಪುಟ ತಿರುವುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳದ್ದು ಸಾಮಾನ್ಯವಾಗಿ ರಾಮನಗುಳಿ ಕಡೆಯ ಡ್ಯೂಟಿ. ತಿಂಗಳಲ್ಲಿ ಮೂರು ನಾಲ್ಕು ದಿನ ಮಾತ್ರ ಯಾರ ಜೊತೆಗೋ ಬದಲಾಯಿಸಿಕೊಂಡು ಕಾರವಾರದ ಬಸ್ ಹಿಡಿದಿದ್ದಳು.

"ಇದು ಎಂತಕ್ಕೆ?" ಎಂದು ಕಿರಿಯ ವೈದ್ಯೆ ಕೇಳಿದಳು.

"ಆ ದಿನ ಬಾಳ ಹೋಗ್ತದೆ. ಗಂಟೆಗೊಮ್ಮೆ ಪ್ಯಾಡ್ ಬದಲ್ಸಬೇಕು. ಕಾರವಾರ ಸ್ಟ್ಯಾಂಡಲ್ಲಾದ್ರೆ ಬಾತ್‌ರೂಮ್ ಅದೆ. ರಾಮನಗುಳಿ ದಾರೀಲಿ ಎಲ್ಲಿಗೆ ಹೋಗೂದು?"

ಆರು ತಿಂಗಳ ಹಿಂದೆ "ಎಲ್ಲರಂಗೇ" ಎಂದಿದ್ದವಳು.

ನಾನು ಹೊಸ ಹಾಳೆ ತೆಗೆದೆ. ನೋಟ್‌ಬುಕ್ಕಿನ ಡ್ಯೂಟಿ ಬದಲಾದ ಮೊದಲ ದಿನಕ್ಕೆ ಕೆಂಪು ಚುಕ್ಕೆ, ಗೋಡೆಯ ಕ್ಯಾಲೆಂಡರಿನ ತಲೆನೋವಿಗೆ ನೀಲಿ ಗೀಟು. ಕಿರಿಯವಳು ತಾರೀಖು ಓದುತ್ತಿದ್ದಳು, ನಾನು ಗುರುತು ಹಾಕುತ್ತಿದ್ದೆ. ಆರು ತಿಂಗಳು ಮುಗಿಯುವ ಹೊತ್ತಿಗೆ ಹಿಂದೆ ಮುಂದೆ ಓಡಾಡುತ್ತಿದ್ದ ಮುಟ್ಟು ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಬಂದು ನಿಂತಿತ್ತು, ಒಂದೆರಡು ಸಲ ಇಪ್ಪತ್ತೊಂಬತ್ತು. ತಲೆನೋವು ಮಾತ್ರ ಒಮ್ಮೆ ನಾಲ್ಕನೆಯ ದಿನ, ಒಮ್ಮೆ ಐದನೆಯ ದಿನ, ಒಮ್ಮೆ ಆರನೆಯ ದಿನ. ಎಲ್ಲ ರಕ್ತಸ್ರಾವದ ಕೊನೆಗೆ. ನಾನು "ಮುಟ್ಟಿಗೆ ಮುಂಚೆ" ಎಂದು ಹಚ್ಚಿಸಿದ ಜೆಲ್ಲನ್ನು ಅವಳು ರಕ್ತ ಹೋಗುತ್ತಿರುವಾಗಲೇ ಹಚ್ಚಿಕೊಂಡಿದ್ದಳು. ಇಲ್ಲದ ಇಳಿತವನ್ನು ತಡೆಯಲು ಹೋಗಿ, ಜೆಲ್ ನಿಲ್ಲಿಸಿದಾಗ ನಾನೇ ಒಂದು ಇಳಿತವನ್ನು ಹುಟ್ಟಿಸಿ ಎರಡನೆಯ ತಲೆನೋವು ಕೊಟ್ಟಿದ್ದೆ.

ಕಡತದಲ್ಲಿ ಆ ಅಡ್ಡಗೀಟಿನ ಚೀಟಿ ಇನ್ನೂ ಇತ್ತು. ಕಿರಿಯವಳು ಅದನ್ನು ನೋಡದ ಹಾಗೆ ಮಾಡಿ ಹೊಸ ಚೀಟಿಯನ್ನು ನನ್ನ ಮುಂದಿಟ್ಟಳು. ಬರೆಯಲಿ ಎಂದು. ನಾನೇ ಬರೆದೆ. ರಕ್ತ ಹೊರಗಿನ ಲ್ಯಾಬಿಗೆ ಹೋಯಿತು. ಮೂರನೆಯ ದಿನ ವರದಿ ಬಂತು. ಉಗ್ರಾಣ ಬರಿದಾಗಿತ್ತು, ತಳ ಕಾಣುವಷ್ಟು. ಸ್ತ್ರೀರೋಗ ತಜ್ಞೆಯ 'ಸ್ಕ್ಯಾನಿಂಗ್'ನಲ್ಲಿ ಗರ್ಭಕೋಶದ ಒಳಬದಿಗೆ ಒಂದು ಸಣ್ಣ ಗಡ್ಡೆ ಸಿಕ್ಕಿತು. ಕೆಟ್ಟ ಗಡ್ಡೆಯಲ್ಲ, ರಕ್ತ ಹೆಚ್ಚು ಹೋಗಲು ಅಷ್ಟು ಸಾಕು. ರಕ್ತಸ್ರಾವ ತಗ್ಗಿಸುವ ಮಾತ್ರೆ ನಿಜವಾದ ಮೊದಲ ದಿನದಿಂದ, ಕಬ್ಬಿಣ ರಕ್ತನಾಳದ ಮೂಲಕ, ಆಮೇಲೆ ಗುಳಿಗೆ.

ಒಂದು ತಿಂಗಳ ಹಿಂದೆ ಪರೀಕ್ಷೆ ಮಾಡಿಸಿದ್ದರೂ ಅಷ್ಟರಲ್ಲಿ ಕಬ್ಬಿಣ ತುಂಬುತ್ತಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜ. ಆದರೆ ಆ ಚೀಟಿಗೆ ನಾನು ಗೀಟು ಎಳೆಯದಿದ್ದರೆ ರಕ್ತದ ಬಗ್ಗೆ ಮಾತು ಬರುತ್ತಿತ್ತು, ಮಾತು ಬಂದಿದ್ದರೆ ದಿನ ಗೊತ್ತಾಗುತ್ತಿತ್ತು, ಅವರ್ಸಾದಲ್ಲಿ ಅವಳು ಕಂಬಿಗೆ ಹಣೆ ಒತ್ತಿ ನಿಲ್ಲುವ ಹಾಗೆ ಆಗದಿರಬಹುದಿತ್ತು. ಇದೂ ನಿಜ.

ಉಳಿದದ್ದು ಡಿಪೋಗೆ ಪತ್ರ. ಕಾರವಾರದ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೂತು ಬರೆದೆ. ಮೊದಲ ಕರಡಿನಲ್ಲಿ ಒಂದು ವಾಕ್ಯ ತಾನಾಗಿಯೇ ಬಂತು. "ರೋಗಿಯು ನೀಡಿದ ಮಾಹಿತಿ ಸರಿಯಿಲ್ಲದ ಕಾರಣ ಚಿಕಿತ್ಸೆ ವಿಳಂಬವಾಯಿತು." ಅಕ್ಷರಶಃ ಸುಳ್ಳಲ್ಲ. ನನ್ನ ಮೇಲೆ ಒಂದು ಚುಕ್ಕೆಯೂ ಬೀಳುತ್ತಿರಲಿಲ್ಲ. ಚಹಾ ಕುಡಿದು ಮತ್ತೆ ಓದಿದೆ. ಈ ಪತ್ರ ಹಿಡಿದ ಅಧಿಕಾರಿ ಏನು ತಿಳಿಯುತ್ತಾರೆ? ವೈದ್ಯರಿಗೇ ಸುಳ್ಳು ಹೇಳಿದವಳು, ಟಿಕೆಟ್ ಲೆಕ್ಕದಲ್ಲಿ ಹೇಳದೆ ಬಿಡುತ್ತಾಳೆಯೇ ಎಂದುಕೊಳ್ಳುತ್ತಾರೆ. ಆ ಒಂದು ವಾಕ್ಯಕ್ಕೆ ಅವಳ ಕೆಲಸ ಹೋಗುತ್ತಿತ್ತು. ವಿವರಿಸಲು ಹೋದರೆ ಅತ್ತೆ, ದೀಪ, ಚಾಪೆ ಎಲ್ಲ ಡಿಪೋದ ಮೇಜಿನ ಮೇಲೆ ಬರುತ್ತಿದ್ದವು.

ಹರಿದು ಹಾಕಿ ಮತ್ತೆ ಬರೆದೆ. ಕಾಯಿಲೆಗೆ ಕಾರಣ ಕಬ್ಬಿಣದ ತೀವ್ರ ಕೊರತೆ. ಇದು ವಾಸಿಯಾಗುವಂಥದ್ದು. ಚಿಕಿತ್ಸೆಯ ದಿನಗಳನ್ನು ನಿಗದಿಮಾಡುವಲ್ಲಿ ನನ್ನಿಂದ ತಪ್ಪಾಗಿದೆ, ಅಗತ್ಯ ಪರೀಕ್ಷೆಯೊಂದನ್ನು ನಾನೇ ತಡೆದಿದ್ದೆ, ಹಾಗಾಗಿ ಆಕೆಯ ಇತ್ತೀಚಿನ ಗೈರುಹಾಜರಿಗೂ ಬಸ್ಸಿನಲ್ಲಿ ನಡೆದದ್ದಕ್ಕೂ ಆಕೆ ಹೊಣೆಯಲ್ಲ. ಇಲ್ಲಿಯವರೆಗೆ ಪೆನ್ನು ಓಡಿತು. ಮುಂದಿನ ಸಾಲಿಗೆ ನಿಂತಿತು. ಸರಿಯಾದ ಕಾರಣವನ್ನು ಗುರುತಿಸಿದವರು ನಮ್ಮ ಕಿರಿಯ ವೈದ್ಯೆ ಎಂದು ಬರೆದು ಅವಳ ಹೆಸರು ಹಾಕಬೇಕು. ತಪ್ಪನ್ನು ಒಪ್ಪಿಕೊಳ್ಳುವುದು ಆ ಹೆಸರನ್ನು ಬರೆಯುವುದಕ್ಕಿಂತ ಸುಲಭವಾಗಿತ್ತು. ಡಿಪೋದವರಿಗೆ ಆ ಹೆಸರಿನ ಅಗತ್ಯವೂ ಇರಲಿಲ್ಲ. ಆದರೂ ಬರೆದೆ, ಏಕೆಂದರೆ ಬರೆಯದಿದ್ದರೆ ಅದು ಎರಡನೆಯ ಅಡ್ಡಗೀಟು ಆಗುತ್ತಿತ್ತು. ಸೋಮವಾರ ನಾನೇ ಹೋಗಿ ಪತ್ರ ಕೊಟ್ಟು ಬಂದೆ.

ಮೆಮೊ ಎಚ್ಚರಿಕೆಯಲ್ಲಿ ಮುಗಿಯಿತು. ಎರಡು ತಿಂಗಳ ನಂತರ ಅವಳ ಕೆಲಸ ಕಾಯಂ ಆಯಿತು. ಜಿಲ್ಲೆಯ ಸಭೆಯಲ್ಲಿ ಆ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾತಾಡಿದವಳು ಕಿರಿಯವಳೇ. ಎರಡನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಅಂಗೈ ತಟ್ಟಿದಷ್ಟು ಮನಸ್ಸು ತಟ್ಟಲಿಲ್ಲ.

ಗೋಡೆಯ ಕ್ಯಾಲೆಂಡರನ್ನು ನಿಲ್ಲಿಸಿದೆ. ಈಗ ಅಂಗೈಯಗಲದ ಒಂದು ಕಾರ್ಡು, ಪರ್ಸಿನಲ್ಲೋ ರವಿಕೆಯೊಳಗೋ ಅಡಗುವಂಥದ್ದು. ಕೆಂಪು ಬಣ್ಣ ಇಲ್ಲ, ಎಲ್ಲ ಒಂದೇ ಪೆನ್ಸಿಲಿನ ಗುರುತು.

ಕಿರಿಯವಳು ಓದಿಗೆಂದು ಹೊರಟುಹೋದ ಮೇಲೆ ಒಂದು ಬುಧವಾರ ಕಂಡಕ್ಟರ್ ಬಂದಳು. ಮುಖಕ್ಕೆ ಕಳೆ ಬಂದಿತ್ತು. ಎದುರು ಕೋಣೆಯ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ ನನ್ನ ಕೋಣೆಗೆ ಬಂದಳು. ಟಿಕೆಟ್ ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟಳು. ಮೂರು ತಿಂಗಳಲ್ಲಿ ಒಂದೇ ಒಂದು ತಲೆನೋವು, ಅದೂ ಅರ್ಧ ದಿನ.

"ಹಾಗಾದರೆ ಈಗ ಹೊರಗೆ ಕೂರುವುದಿಲ್ಲವೇ?" ಎಂದೆ.

"ಅದೆಂತಕ್ಕೆ ಬಿಡ್ಲಿ ಬಾಯೋರೆ? ಮನೆಯವ್ರಿಗೆ ನಾ ಹೊರಗಾಗೂದಷ್ಟೇ ಗೊತ್ತು. ತಿಂಗಳಿಗೆ ಒಂದ್ ಸಲ ಮಲಗ್ಲಿಕ್ಕೆ ಬೇಕಲ್ದೆ?"

ಇಬ್ಬರೂ ನಕ್ಕೆವು. ನನ್ನ ಕೋಣೆಯಲ್ಲಿ. ಅಷ್ಟರಲ್ಲಿ ಅವಳು ಚೀಲದಿಂದ ಒಂದು ಹರಿವೆ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡೆ.

"ಸಣ್ಣ ಬಾಯೋರು ಹೋಗೂ ಮುಂಚೆ ಹೇಳಿದ್ರು" ಎಂದಳು, "ಇನ್ನು ಮುಂದೆ ಎಂತ ಇದ್ರೂ ದೊಡ್ಡ ಬಾಯೋರ ಹತ್ರ ಹೇಳು, ಅವ್ರು ಕೇಳ್ತ್ರು ಅಂತ."

ನನ್ನ ಸೊಪ್ಪೂ ಅವಳ ಶಿಫಾರಸಿನಿಂದಲೇ ಬಂದದ್ದು. ಹಳೆಯ ಹೊಟ್ಟೆಕಿಚ್ಚು ಆರಿದೆ ಎಂದು ನಾನು ಬರೆದರೆ ಸುಳ್ಳು. ಆದರೆ ಈಗ ಪ್ರತಿ ಬುಧವಾರ ಹೊಸ ರೋಗಿ ಬಂದು ಕೂತೊಡನೆ ಸ್ಟೂಲನ್ನು ಮೇಜಿನ ಈಚೆಗೆ ಎಳೆದುಕೊಳ್ಳುತ್ತೇನೆ, ಬಾಗಿಲು ಮುಚ್ಚುತ್ತೇನೆ, ಆಮೇಲೆ ಕಿರಿಯವಳ ಪ್ರಶ್ನೆಯನ್ನೇ, ಅವಳದ್ದೇ ಮಾತಿನಲ್ಲಿ ಕೇಳುತ್ತೇನೆ. "ನಿಂಗೆ ಆದದ್ದು ಯಾವಾಗ, ಮನೇಲಿ ಹೇಳಿದ್ದು ಯಾವಾಗ?"